ದೂತನ ಮೊದಲ ಮಾತು

ಇಪ್ಪತ್ತೆರಡು ವರ್ಷಗಳಿಂದ ದುಬೈಯ ಕನ್ನಡ ನಾಟಕಗಳಲ್ಲಿ ಕುಡುಕನ ಪಾತ್ರವೆಂದರೆ ಲೆಸ್ಲಿಯದೇ. ನಿಜಜೀವನದಲ್ಲಿ ಅವನು ಅಲ್ ಮುರಕ್ಕಬಾತಿನ ಹೋಟೆಲೊಂದರ ಸ್ಟೋರ್ ಕೀಪರ್, ಕ್ರಿಸ್‌ಮಸ್ಸಿಗೂ ಒಂದು ತೊಟ್ಟು ಮುಟ್ಟದ ಆಸಾಮಿ. ಆದರೆ ರಂಗದ ಮೇಲೆ ಅವನ ಎಡಗಾಲು ಸ್ವಲ್ಪ ತೊಡರಿದರೆ ಸಾಕು, ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹಾಗಾಗಿ 2017ರಲ್ಲಿ ತಾನ್ಯಾ ಅವನನ್ನು ಗ್ರೀಕ್ ದುರಂತ ನಾಟಕದ ದೂತನ ಪಾತ್ರಕ್ಕೆ ಆರಿಸಿದಾಗ ಹೆಂಡತಿ ಮೆಟಿಲ್ಡಾ ಅಡುಗೆಮನೆಯಲ್ಲಿ ಸೌಟು ಹಿಡಿದುಕೊಂಡೇ ಐದು ನಿಮಿಷ ನಕ್ಕಳು.

ತಾನ್ಯಾ ಶಾಲೆಯೊಂದರಲ್ಲಿ ನಾಟಕ ಕಲಿಸುವ ಹುಡುಗಿ. ಹಳೆಯ ಗ್ರೀಕರ, ರೋಮನರ ರಂಗಭೂಮಿಯನ್ನೇ ಓದಿ ಬಂದವಳು. ಅಬುಧಾಬಿಯ ಕನ್ನಡ ನಾಟಕ ಸ್ಪರ್ಧೆಗೆ ಆ ಕಾಲದ ಕಟ್ಟುಪಾಡಿನಲ್ಲೇ ಒಂದು ಹೊಸ ನಾಟಕ ಬರೆದಿದ್ದಳು. ಸಮುದ್ರಯಾನಕ್ಕೆ ಹೋದ ರಾಜಕುಮಾರ ಕರೆ ಬಂದು ಹಿಂತಿರುಗುತ್ತಾನೆ. ಅಷ್ಟರಲ್ಲಿ ತಾಯಿ ರಾಣಿ ತೀರಿಹೋಗಿರುತ್ತಾಳೆ. ಕಥೆ ಇಷ್ಟೇ. ಆದರೆ ನಿಯಮಗಳು ಮಾತ್ರ ವೀಸಾ ಆಫೀಸಿನದಕ್ಕಿಂತ ಹೆಚ್ಚು. ಎಲ್ಲ ಪಾತ್ರಗಳನ್ನೂ ಮೂವರೇ ನಟರು ಮಾಡಬೇಕು, ಹೆಣ್ಣಿನ ಪಾತ್ರವನ್ನೂ ಗಂಡಸೇ ಮಾಡಬೇಕು, ಮೂವರಿಗೂ ಮುಖವಾಡ. ಹನ್ನೆರಡು ಮಂದಿಯ ಮೇಳವೊಂದು ಊರಿನ ಜನರಾಗಿ ನಿಂತು ಹಾಡಬೇಕು, ಪ್ರಶ್ನೆ ಕೇಳಬೇಕು, ಮರುಗಬೇಕು. ಗ್ರೀಕರಲ್ಲಿ ಮೇಳವೂ ಗಂಡಸರದೇ, ಅವರಿಗೂ ಮುಖವಾಡ; ಜನ ಸಾಲದೆಂದು ತಾನ್ಯಾ ಅಷ್ಟನ್ನು ಮಾತ್ರ ಸಡಿಲಿಸಿದ್ದಳು, ಹಾಗಾಗಿ ಮೇಳಕ್ಕೆ ಮೆಟಿಲ್ಡಾ ನಾಯಕಿ. ಮುಖವಾಡಗಳನ್ನು ಮೈದಾ ಅಂಟು ಮತ್ತು ಹಳೆಯ ಪೇಪರಿನಿಂದ ಮಾಡಿದವಳೂ ಅವಳೇ.

ಎಲ್ಲಕ್ಕಿಂತ ದೊಡ್ಡ ನಿಯಮವೆಂದರೆ ರಂಗದ ಮೇಲೆ ಯಾರೂ ಸಾಯುವಂತಿಲ್ಲ. ಸಾವೆಲ್ಲ ಅರಮನೆಯ ಬಾಗಿಲಿನ ಹಿಂದೆ. ದೂತನೊಬ್ಬ ಹೊರಗೆ ಬಂದು ಹೇಳುತ್ತಾನೆ.

"ಇದೆಂತ ನಾಟಕ ಮಾರಾಯ್ತಿ?" ಎಂದಿದ್ದ ಲೆಸ್ಲಿ. "ನಮ್ಮ ನಾಟಕದಲ್ಲಿ ಒಬ್ಬ ಸಾಯ್ಲಿಕ್ಕೆ ಹದಿನೈದು ನಿಮಿಷ ಬೇಕು. ಕೆಮ್ಮಬೇಕು, ಹೆಂಡತಿಯನ್ನು ಕರೀಬೇಕು, ಮಕ್ಕಳಿಗೆ ಬುದ್ಧಿ ಹೇಳಬೇಕು. ಜನ ಬರುವುದೇ ಅದನ್ನು ನೋಡ್ಲಿಕ್ಕೆ."

"ಅಂಕಲ್, ಇಲ್ಲಿ ಅದನ್ನೆಲ್ಲ ನೀವು ಮಾತಿನಲ್ಲೇ ತೋರಿಸ್ಬೇಕು. ಒಂದು ಮಾತ್ರ ನೆನಪಿಟ್ಕೊಳ್ಳಿ. ಗ್ರೀಕ್ ದೂತ ಸುತ್ತು ಬಳಸುವುದಿಲ್ಲ. ಸಾವಿನ ಸುದ್ದಿ ಮೊದಲ ಮಾತಿಗೇ ಬರ್ತದೆ. ಆಮೇಲೆ ವಿವರ ನೂರು ಸಾಲು ಹೇಳಿ."

ಅಲ್ಲೇ ಲೆಸ್ಲಿಯ ನಾಲಗೆ ಕೈಕೊಟ್ಟಿತು. ಅಲ್ ನಹ್ದಾದ ಸಭಾಂಗಣವೊಂದರಲ್ಲಿ ಶುಕ್ರವಾರ ಶುಕ್ರವಾರ ಪ್ರಾಕ್ಟೀಸು. ಬಾಗಿಲಿನಿಂದ ಹೊರಬಂದು "ರಾಜಕುಮಾರಾ, ನಿನ್ನ ತಾಯಿ ತೀರಿಹೋದಳು" ಎನ್ನಬೇಕಾದವನು ಪ್ರತಿಸಲವೂ "ರಾಜಕುಮಾರಾ, ಹೆದರಬೇಡ, ಸ್ವಲ್ಪ ಸೀರಿಯಸ್" ಎಂದುಬಿಡುತ್ತಿದ್ದ. ಮೇಳದವರು ಬಿದ್ದು ಬಿದ್ದು ನಗುತ್ತಿದ್ದರು. ತಾನ್ಯಾ ತಲೆ ಚಚ್ಚಿಕೊಳ್ಳುತ್ತಿದ್ದಳು.

ಪಾಪ, ಅವನ ತಪ್ಪಲ್ಲ. ಗಲ್ಫಿನಲ್ಲಿರುವ ನಮ್ಮವರಿಗೆ ಊರಿನ ಸಾವು ಹಾಗೆಯೇ ತಲುಪುವುದು. ಊರಿನಿಂದ ಫೋನು ಸತ್ತವರ ಮಗನಿಗೆ ಬರುವುದಿಲ್ಲ, ಅವನ ಹತ್ತಿರದವನೊಬ್ಬನಿಗೆ ಬರುತ್ತದೆ. ಆ ಹತ್ತಿರದವನು ಹೋಗಿ "ಸೀರಿಯಸ್, ಐಸಿಯುನಲ್ಲಿದ್ದಾರೆ, ಒಮ್ಮೆ ಹೋಗಿ ಬಾ" ಎನ್ನುತ್ತಾನೆ, ಟಿಕೆಟು ತೆಗೆಯುತ್ತಾನೆ, ವಿಮಾನ ಹತ್ತಿಸುತ್ತಾನೆ. ಅಷ್ಟು ದೂರ ಒಬ್ಬನೇ ಕೂತು ಹೋಗುವವನು ತಡೆದುಕೊಳ್ಳಲಿ ಎಂಬ ಕರುಣೆ ಅದು. ನಗಿಸುವ ಮನುಷ್ಯ, ಎದೆ ಗಟ್ಟಿ ಎಂದು ಈ ಕೆಲಸಕ್ಕೆ ಎಲ್ಲರೂ ಲೆಸ್ಲಿಯನ್ನೇ ಹುಡುಕುತ್ತಿದ್ದರು. ಹದಿನೇಳು ಮಂದಿಯನ್ನು ಅವನು ಹೀಗೆ ಊರಿಗೆ ಕಳಿಸಿದ್ದ. ಅದನ್ನೊಂದು ಪುಣ್ಯದ ಕೆಲಸವೆಂದೇ ನಂಬಿದ್ದ.

ಆ ಹದಿನೇಳರಲ್ಲಿ ರಯಾನ್ ಒಬ್ಬ. ಜುಮೇರಾ ಲೇಕ್ ಟವರ್ಸಿನ ಆಫೀಸೊಂದರಲ್ಲಿ ಕೆಲಸ, ಒಳ್ಳೆಯ ಕಂಠ. ಈ ನಾಟಕದ ರಾಜಕುಮಾರ ಅವನೇ. ಐದು ವರ್ಷದ ಹಿಂದೆ ಅವನ ತಾಯಿ ಮಂಗಳೂರಿನ ಆಸ್ಪತ್ರೆಯಲ್ಲಿ ಒಂದು ಸಣ್ಣ ಆಪರೇಷನ್ನಿನ ಮರುದಿನ ತೀರಿಕೊಂಡಿದ್ದರು. ಆ ವಾರ್ಡಿನ ನರ್ಸು ಶೆರಿಲ್ ಲೆಸ್ಲಿಯ ತಂಗಿಯ ಮಗಳು. ಅವಳು ಮಧ್ಯಾಹ್ನವೇ ಲೆಸ್ಲಿಗೆ ಫೋನು ಮಾಡಿ, ಅಳುತ್ತಾ, ಬೆಳಗಿನಿಂದ ನಡೆದದ್ದನ್ನೆಲ್ಲ ಹೇಳಿದ್ದಳು. ಸಂಜೆ ಲೆಸ್ಲಿ ರಯಾನನನ್ನು ಏರ್‌ಪೋರ್ಟಿಗೆ ಬಿಟ್ಟು ಬಂದ.

ಮುಖವಾಡಗಳು ಬಂದ ಮೊದಲ ಶುಕ್ರವಾರ ಇಬ್ಬರೂ ಅವನ್ನು ಹಾಕಿಕೊಂಡು ಪ್ಲೈವುಡ್ಡಿನ ಅರಮನೆಯ ಹಿಂದೆ ಸರದಿ ಕಾಯುತ್ತಾ ಕೂತಿದ್ದರು. ಒಬ್ಬರ ಮುಖ ಒಬ್ಬರಿಗೆ ಕಾಣುವಂತಿರಲಿಲ್ಲ. ರಯಾನ್ ಇದ್ದಕ್ಕಿದ್ದಂತೆ ಮಾತಾಡಿದ.

"ಲೆಸ್ಲಿಯಣ್ಣ, ನೀವು ಸೀರಿಯಸ್ ಅಂತ ಸುಳ್ಳು ಹೇಳಿದ್ದಕ್ಕೆ ನನಗೆ ಬೇಜಾರಿಲ್ಲ. ಊರಿಗೆ ಹೋದ ಕೂಡ್ಲೇ ಗೊತ್ತಾಯ್ತು. ಎಲ್ಲರಿಗೂ ಹಾಗೇ ಹೇಳುವುದಲ್ವಾ?"

"ಹೌದಾ," ಎಂದ ಲೆಸ್ಲಿ.

"ಆದ್ರೆ ಮಮ್ಮಿ ನನ್ನನ್ನು ಕೇಳ್ತಾ ಇದ್ದಾರೆ ಅಂದ್ರಿ ನೋಡಿ. ರಯಾನ್ ಎಲ್ಲಿ, ರಯಾನ್ ಎಲ್ಲಿ ಅಂತ ಕೇಳ್ತಾ ಇದ್ದಾರೆ ಅಂತ. ಅದು ಮಾತ್ರ ಮನಸ್ಸಿನಿಂದ ಹೋಗುದಿಲ್ಲ. ಆ ದಿನ ಬೆಳಿಗ್ಗೆ ಅವರ ಫೋನು ಬಂದಿತ್ತು. ಮೀಟಿಂಗಲ್ಲಿದ್ದೆ, ಕಟ್ ಮಾಡಿದೆ. ಆಮೇಲೆ ಮಾಡ್ಲಿಕ್ಕೆ ಮರ್ತೇ ಹೋಯ್ತು. ಈಗ್ಲೂ ಮೀಟಿಂಗಲ್ಲಿ ಫೋನು ಅಲ್ಲಾಡಿದ್ರೆ ಎದೆ ಧಸಕ್ ಅಂತದೆ."

ಆ ಹೆಂಗಸು ಹಾಗೆ ಕೇಳಿರಲೇ ಇಲ್ಲ. ಅದು ಲೆಸ್ಲಿ ಸೇರಿಸಿದ ಒಗ್ಗರಣೆ. ರಯಾನ್ ರಜೆಯ ಲೆಕ್ಕ ಹಾಕುತ್ತಾ ಶನಿವಾರ ಹೋಗುತ್ತೇನೆ ಎಂದಾಗ, ಬೇಗ ಹೊರಡಲಿ ಎಂದು ಬಾಯಿಗೆ ಬಂದದ್ದನ್ನು ಹೇಳಿದ್ದ. ಹದಿನೇಳು ಮಂದಿಗೂ ಅದನ್ನೇ ಹೇಳಿದ್ದ ಎಂಬುದು ಈಗ ನೆನಪಾಗಿ ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಇದು ಸಾಲದೆಂಬಂತೆ ನಾಟಕದಲ್ಲೂ ಆ ಮಾತಿತ್ತು. ರಾಜಕುಮಾರ "ಸಾಯುವಾಗ ನನ್ನನ್ನು ಕೇಳಿದಳೇ?" ಎನ್ನಬೇಕು, ದೂತ "ಕೇಳಿದಳು, ಮೂರು ಬಾರಿ ಕೇಳಿದಳು" ಎನ್ನಬೇಕು. ತಾನ್ಯಾಳಿಗೆ ಏನೂ ತಿಳಿಯದು. ನಾಟಕಕ್ಕೆ ಚೆನ್ನಾಗಿರುತ್ತದೆಂದು ಬರೆದಿದ್ದಳು. ಅದನ್ನು ತೆಗೆಯಲಾದೀತೇ ಎಂದು ಲೆಸ್ಲಿ ಮೆಲ್ಲನೆ ಕೇಳಿ ನೋಡಿದ.

"ಅಯ್ಯೋ ಅಂಕಲ್, ನಾಟಕ ನಿಂತದ್ದೇ ಆ ಮಾತಿನ ಮೇಲೆ," ಎಂದಳು ಅವಳು.

ಮನೆಗೆ ಬಂದು ಮೆಟಿಲ್ಡಾಳಿಗೆ ಎಲ್ಲ ಹೇಳಿದ. ಅವಳು, "ರಯಾನಿಗೆ ಹೇಳಿಬಿಡಿ," ಎಂದಳು.

"ಹೇಗೆ ಹೇಳುದು? ಐದು ವರ್ಷ ಆಯ್ತು."

"ಆರು ಆಗುವ ಮೊದ್ಲು ಹೇಳಿ."

ಹೇಳುವುದು ಅಷ್ಟು ಸುಲಭವಾಗಿದ್ದರೆ ಗ್ರೀಕರು ಮುಖವಾಡವನ್ನೇಕೆ ಮಾಡುತ್ತಿದ್ದರು! ಮುಂದಿನ ಶುಕ್ರವಾರ ಹೇಳಲಿಲ್ಲ, ಅದರ ಮುಂದಿನದಕ್ಕೂ ಹೇಳಲಿಲ್ಲ. ಸ್ಪರ್ಧೆಯ ದಿನ ಅಬುಧಾಬಿಗೆ ರಯಾನನ ಕಾರಿನಲ್ಲೇ ಹೋದರು. ಹಿಂದಿನ ಸೀಟಿನಲ್ಲಿ ಮೆಟಿಲ್ಡಾ, ಅವಳ ಮಡಿಲಲ್ಲಿ ಮುಖವಾಡಗಳು. ದಾರಿಯುದ್ದಕ್ಕೂ ಲೆಸ್ಲಿ ಸ್ಪೀಡ್ ಕ್ಯಾಮೆರಾದ ವಿಷಯ ಮಾತಾಡಿದ, ಟೊಮೆಟೊ ರೇಟಿನ ವಿಷಯ ಮಾತಾಡಿದ, ಹೋಟೆಲಿನ ಹೊಸ ಮ್ಯಾನೇಜರನ್ನು ಬೈದ. ಹೇಳಬೇಕಾದದ್ದೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿದ. ಮೆಟಿಲ್ಡಾ ಹಿಂದಿನಿಂದ ಎರಡು ಸಲ ಕೆಮ್ಮಿದಳು.

ನಾಟಕ ಚೆನ್ನಾಗಿಯೇ ಶುರುವಾಯಿತು. ರಾಣಿಯ ಮುಖವಾಡ ಹಾಕಿದ್ದ ಮೂರನೆಯ ನಟ ಡ್ಯಾನಿಯಲ್ ಗಂಭೀರವಾಗಿ ಅರಮನೆಯ ಒಳಗೆ ನಡೆದ. ಬಾಗಿಲು ಮುಚ್ಚಿತು. ಮೇಳ ಹಾಡಿತು. ರಯಾನ್ ಕೋಲೂರಿಕೊಂಡು ಪ್ರಯಾಣದ ಬಟ್ಟೆಯಲ್ಲಿ ಬಂದು ನಿಂತ. ಲೆಸ್ಲಿ ಶಿಲುಬೆಯ ಗುರುತು ಹಾಕಿಕೊಂಡು ಬಾಗಿಲು ತಳ್ಳಿದ.

"ರಾಜಕುಮಾರಾ, ನಿನ್ನ ತಾಯಿ ತೀರಿಹೋದಳು."

ಮಾತು ಎಲ್ಲೂ ತಡವರಿಸದೆ ಬಂತು. ಪಕ್ಕದ ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ನಿಂತಿದ್ದ ತಾನ್ಯಾ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಮೇಳ ಒಮ್ಮೆ ಅಯ್ಯೋ ಎಂದು ಹಿಂದೆ ಸರಿಯಿತು.

ರಯಾನ್ ಎರಡು ಹೆಜ್ಜೆ ಮುಂದೆ ಬಂದ. ಪ್ರಾಕ್ಟೀಸಿನಲ್ಲಿ ಎತ್ತರದ ದನಿಯಲ್ಲಿ ಹೇಳುತ್ತಿದ್ದ ಪ್ರಶ್ನೆಯನ್ನು ಈ ಸಲ ಬಹಳ ತಗ್ಗಿದ ದನಿಯಲ್ಲಿ ಕೇಳಿದ.

"ಸಾಯುವಾಗ ನನ್ನನ್ನು ಕೇಳಿದಳೇ?"

ಲೆಸ್ಲಿ ಮುಖವಾಡದ ಎರಡು ತೂತುಗಳಿಂದ ಅವನನ್ನು ನೋಡಿದ. ಬರೆದುಕೊಟ್ಟ ಉತ್ತರ ನಾಲಗೆಯ ತುದಿಯಲ್ಲಿತ್ತು. ಅದನ್ನು ಇನ್ನೊಮ್ಮೆ ಈ ಹುಡುಗನಿಗೆ ಹೇಳಲು ಅವನಿಂದ ಆಗಲಿಲ್ಲ.

"ಇಲ್ಲ," ಎಂದ. "ಕೇಳಲಿಲ್ಲ. ಕೇಳಿದಳು ಎಂದು ನಿನಗೆ ಹೇಳಿ ಕಳಿಸಿದವನು ನಾನು. ನೀನು ಬೇಗ ಹೊರಡಲೆಂದು ನಾನೇ ಹುಟ್ಟಿಸಿದ ಮಾತು ಅದು. ನನ್ನನ್ನು ಕ್ಷಮಿಸು."

ಪರದೆಯ ಮರೆಯಲ್ಲಿ ತಾನ್ಯಾ ಪುಟ ತಿರುಗಿಸುವ ಸದ್ದು ರಂಗದವರೆಗೂ ಕೇಳಿತು. ಮೇಳದವರು ಕಂಗಾಲಾಗಿ ಮೆಟಿಲ್ಡಾಳ ಮುಖ ನೋಡಿದರು. ಅವಳು ಕೈಯೆತ್ತಿ ಎಲ್ಲರನ್ನೂ ತಡೆದಳು. ಅವಳ ಕಣ್ಣಿನಿಂದ ನೀರು ಸುರಿಯುತ್ತಿತ್ತು; ಮೇಳಕ್ಕೆ ಮುಖವಾಡವಿರಲಿಲ್ಲ.

ಬರೆದಂತೆ ಆಗಿದ್ದರೆ ರಾಜಕುಮಾರ ಇಲ್ಲಿ ಮಂಡಿಯೂರಿ ಗೋಳಾಡಬೇಕಿತ್ತು. ರಯಾನ್ ಮಂಡಿಯೂರಲಿಲ್ಲ. ಕೋಲನ್ನು ಕೆಳಗಿಟ್ಟು ಅರಮನೆಯ ಮೆಟ್ಟಿಲ ಮೇಲೆ ಕೂತ.

"ಹಾಗಾದರೆ ಏನಂದಳು?" ಎಂದ. "ಬೆಳಗಿನಿಂದ ಹೇಳಿ. ಒಂದನ್ನೂ ಬಿಡಬೇಡಿ."

ಯಾವ ರಾಜಕುಮಾರನೂ ದೂತನನ್ನು ಬಹುವಚನದಲ್ಲಿ ಕರೆಯುವುದಿಲ್ಲ. ಅದನ್ನು ಗಮನಿಸುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಲೆಸ್ಲಿ ಹೋಗಿ ಅವನ ಪಕ್ಕದಲ್ಲಿ ಕೂತ.

"ಬೆಳಿಗ್ಗೆ ಎದ್ದು ತಲೆ ಬಾಚಿಸಿಕೊಂಡಳು," ಎಂದು ಶುರುಮಾಡಿದ. "ನಿನ್ನ ಜೊತೆ ಮಾತಾಡಬೇಕೆಂದು ನೋಡಿದಳು, ನೀನು ಸಿಗಲಿಲ್ಲ. ಸೇವಕಿಗೆ ಹೇಳಿದಳು, ಮಗನಿಗೆ ದೊಡ್ಡ ಕೆಲಸ, ಹಗಲು ಪುರುಸೊತ್ತಿಲ್ಲ, ಸಂಜೆ ಅವನೇ ಮಾತಾಡುತ್ತಾನೆ ಎಂದು. ಹಾಗೆ ಹೇಳುವಾಗ ಅವಳಿಗೆ ಬೇಸರವಿರಲಿಲ್ಲ, ಜಂಬವಿತ್ತು. ಪಕ್ಕದ ಹಾಸಿಗೆಯವಳಿಗೂ ಕೇಳಿಸುವಂತೆ ಹೇಳಿದಳಂತೆ. ಮಧ್ಯಾಹ್ನ ಗಂಜಿ ಕೊಟ್ಟರು. ಎರಡು ಚಮಚ ಕುಡಿದು ಸಿಟ್ಟುಮಾಡಿದಳು. ಗಂಜಿಗೆ ಉಪ್ಪೇ ಹಾಕಿಲ್ಲ, ಇದನ್ನು ಮನುಷ್ಯರು ಕುಡಿಯುತ್ತಾರಾ ಎಂದಳು. ಉಪ್ಪು ತರಲು ಸೇವಕಿ ಹೋದಳು. ಬರುವಷ್ಟರಲ್ಲಿ ದಿಂಬಿಗೆ ಒರಗಿ ಕಣ್ಣು ಮುಚ್ಚಿದ್ದಳು. ಅಷ್ಟೇ. ನೋವಿರಲಿಲ್ಲ. ಯಾರನ್ನೂ ಕಾಯುತ್ತಿರಲಿಲ್ಲ."

ರಯಾನನ ಭುಜಗಳು ಅಲುಗತೊಡಗಿದವು. ಮುಖವಾಡದ ತೆರೆದ ಬಾಯಿಯಿಂದ ಬಂದದ್ದು ಅಳುವೋ ನಗುವೋ ಮುಂದಿನ ಸಾಲಿನವರಿಗೆ ತಿಳಿಯಲಿಲ್ಲ. ಪಕ್ಕದಲ್ಲಿದ್ದ ಲೆಸ್ಲಿಗೆ ತಿಳಿಯಿತು. ಎರಡೂ ಇತ್ತು.

"ಉಪ್ಪು ಮಮ್ಮಿಗೆ ಯಾವತ್ತೂ ಸಾಲ್ತಿರಲಿಲ್ಲ," ಎಂದ ರಯಾನ್, ಸಭೆಗೆ ಕೇಳಿಸದಷ್ಟು ಮೆಲ್ಲಗೆ. ಆಮೇಲೆ ಲೆಸ್ಲಿಯ ಮೊಣಕಾಲಿನ ಮೇಲೆ ಕೈಯಿಟ್ಟು, "ಜಂಬದಿಂದ ಹೇಳಿದ್ರು ಅಂದ್ರಲ್ಲ, ಅದನ್ನು ಇನ್ನೊಮ್ಮೆ ಹೇಳಿ," ಎಂದ.