ಕಾವಲಿನ ತಗಡು

ಹೊಳಲ್ಕೆರೆ ಬಸ್ ನಿಲ್ದಾಣದ ಎದುರು ಸಾಲಿನಲ್ಲಿ, ಗೊಬ್ಬರದ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ, ಶಿವಕುಮಾರಪ್ಪನವರ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಒಳಗೆ ಕಾಲಿಟ್ಟರೆ ಮೊದಲು ಕಾಣುವುದು ಮಠದ ಸ್ವಾಮಿಗಳ ಫೋಟೊ, ಅದರ ಕೆಳಗೆ ವಿಭೂತಿಗಟ್ಟಿ ಇಟ್ಟ ಹಿತ್ತಾಳೆ ತಟ್ಟೆ. ಬಿಚ್ಚಿಟ್ಟ ಕೀಬೋರ್ಡುಗಳು, ಗಂಟುಬಿದ್ದ ವೈರುಗಳು ಕಾಣುವುದು ಆಮೇಲೆ. ಹಣೆಗೆ ವಿಭೂತಿ ಎಳೆದು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಅವರು ಸ್ಕ್ರೂ ತಿರುಗಿಸಲು ಕೂತರೆ, ಜಪಕ್ಕೆ ಕೂತವರೋ ಕೆಲಸಕ್ಕೆ ಕೂತವರೋ ಹೇಳುವುದು ಕಷ್ಟ.

ಆ ಶುಕ್ರವಾರ ಮಧ್ಯಾಹ್ನ ಎರಡೂವರೆಯ ಬಸ್ಸಿಳಿದು ತಾಯಿ ಮಗಳಿಬ್ಬರು ಆ ಅಂಗಡಿಯ ಮೆಟ್ಟಿಲು ಹತ್ತಿದರು. ಮಗಳು ನೇತ್ರಾವತಿ, ಇಪ್ಪತ್ತೆರಡು ವರ್ಷದವಳು, ಲ್ಯಾಪ್‌ಟಾಪಿನ ಚೀಲವನ್ನು ಎಳೆಗೂಸಿನ ಹಾಗೆ ಎದೆಗವಚಿಕೊಂಡಿದ್ದಳು. ತಾಯಿ ಚಿತ್ತಮ್ಮ ಅವಳ ಹಿಂದೆಯೇ ಬಂದು ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಫೋಟೊಗೆ ಕೈ ಮುಗಿದಳು. ಹೊರಕೆರೆದೇವಪುರದ ಆಚೆಗಿನ ಹಟ್ಟಿಯವರು ಅವರು. ಎಂಬತ್ತು ಕುರಿಗಳ ಮನೆ.

"ಬರ್ರಿ, ಕುಂತ್ಕಳ್ರಿ. ಏನಾಗೈತೆ?"

"ಸಾರ್, ಬೇರೆಲ್ಲಾ ಚೆನ್ನಾಗೈತೆ. ಪರೀಕ್ಷೆ ತಪಾಸಣೆದು ಒಂದು ಐತಲ್ಲ, ಅದು ಮುಂದಕ್ಕೇ ಹೋಗ್ತಿಲ್ಲ." ನೇತ್ರಾವತಿ ಲ್ಯಾಪ್‌ಟಾಪ್ ತೆರೆದು ತೋರಿಸಿದಳು. ಬಿಳಿಯ ಕಿಟಕಿಯೊಂದರ ನಡುವೆ ನೀಲಿ ಚಕ್ರ ಸುತ್ತುತ್ತಿತ್ತು. ಕೆಳಗೆ, ಸಿಸ್ಟಂ ಮಾಹಿತಿ ಲೋಡ್ ಆಗುತ್ತಿದೆ, ದಯವಿಟ್ಟು ಕಾಯಿರಿ ಎಂದಿತ್ತು.

"ಮಂಗಳವಾರದಿಂದ ಸುತ್ತತಾನೇ ಐತೆ ಸ್ವಾಮಿ," ಎಂದಳು ಚಿತ್ತಮ್ಮ. "ಗಾಣದ ಎತ್ತಾದ್ರೂ ಒಂದ್ಸಲ ನೀರಿಗೆ ಅಂತ ನಿಲ್ತೈತೆ."

"ಇದಕ್ಕೆ ನೀರೂ ಬ್ಯಾಡ, ಹುಲ್ಲೂ ಬ್ಯಾಡ ಕಣವ್ವ. ಅದಕ್ಕೇ ನಿಲ್ಲಲ್ಲ," ಎಂದು ಶಿವಕುಮಾರಪ್ಪನವರು ನಕ್ಕರು. "ಯಾವ ಪರೀಕ್ಷೆ?"

ನೇತ್ರಾವತಿ ಹೇಳಿದಳು. ಕುರಿ ಮೇಕೆಗಳ ಆರೋಗ್ಯ ಸಹಾಯಕಿಯ ಒಂದು ವರ್ಷದ ಕೋರ್ಸು. ಪಾಠವೆಲ್ಲ ಲ್ಯಾಪ್‌ಟಾಪಿನಲ್ಲಿ, ಪರೀಕ್ಷೆಯೂ ಮನೆಯಲ್ಲೇ ಕೂತು ಬರೆಯುವುದು. ಆದರೆ ಹಿಂದಿನ ದಿನ ಸಂಜೆ ಐದರೊಳಗೆ ಈ ತಪಾಸಣೆ ಮುಗಿದು ಹಸಿರು ಗುರುತು ಬರಬೇಕು. ಬರದಿದ್ದರೆ ನಾಳೆ ಪರೀಕ್ಷೆಗೆ ಕೂರುವಂತಿಲ್ಲ, ಮತ್ತೆ ಒಂದು ವರ್ಷ ಕಾಯಬೇಕು. ಬೇರೆಯವರ ಯಂತ್ರವೂ ನಡೆಯುವುದಿಲ್ಲ, ಮೊದಲೇ ನೋಂದಾಯಿಸಿದ್ದೇ ಆಗಬೇಕು.

"ಹಟ್ಟಿನಾಗೆ ಕುರಿಗೆ ಹೊಟ್ಟೆ ಉಬ್ಬರ ಬಂದ್ರೆ ಡಾಕ್ಟ್ರು ಬರೋದು ಮಾರನೇ ದಿನ ಸಾರ್. ಅಷ್ಟ್ರಾಗೆ ಮುಗ್ದೋಗಿರ್ತೈತೆ. ಹೋದ ಮಳೆಗಾಲದಾಗೆ ಒಂಬತ್ತು ಹೋದ್ವು. ಅವು ಕಣ್ಣು ಬಿಟ್ಕಂಡು ನನ್ನೇ ನೋಡ್ತಿದ್ವು."

ಶಿವಕುಮಾರಪ್ಪನವರು ಲ್ಯಾಪ್‌ಟಾಪನ್ನು ತಮ್ಮ ಕಡೆ ಎಳೆದುಕೊಂಡರು. ಗೋಡೆಯ ಗಡಿಯಾರ ನೋಡಿದರು. ಎರಡೂಮುಕ್ಕಾಲು.

ಮೊದಲು ಯಂತ್ರವನ್ನು ಪೂರಾ ಬಂದ್ ಮಾಡಿ ಮತ್ತೆ ಹಚ್ಚಿದರು. ಚಕ್ರ ಸುತ್ತಿತು. ತಪಾಸಣೆಯ ತಂತ್ರಾಂಶವನ್ನು ತೆಗೆದುಹಾಕಿ ಹೊಸದಾಗಿ ಇಳಿಸಿಕೊಂಡರು. ಚಕ್ರ ಸುತ್ತಿತು. ಆ್ಯಂಟಿವೈರಸ್ ತಡೆಯುತ್ತಿದೆಯೇನೋ ಎಂದು ಅದನ್ನು ಸ್ವಲ್ಪ ಹೊತ್ತು ಮಲಗಿಸಿದರು. ಆಗಲೂ ಅಷ್ಟೇ. ಕೊನೆಗೆ ಆ ತಂತ್ರಾಂಶವನ್ನೇ ಬದಿಗಿಟ್ಟು, ಯಂತ್ರದ ಒಳಗೇ ಇರುವ ಮಾಹಿತಿ ಪಟ್ಟಿಯನ್ನು ತೆರೆದರು. ಅದೂ ಅರ್ಧಕ್ಕೆ ಬಂದು ನಿಂತಿತು.

"ಹಾಂ," ಎಂದರು. "ತಪ್ಪು ಪರೀಕ್ಷೆಯೋರ್ದಲ್ಲ. ಒಳಗೇ ಏನೋ ಐತೆ. ಯಾವತ್ತಿನ ತನಕ ಸರಿ ಇತ್ತು?"

"ಸೋಮವಾರ ಬೆಳಗ್ಗೆ ಒಂದ್ಸಲ ನೋಡಿದ್ದೆ, ಎರಡು ನಿಮಿಷದಾಗೆ ಮುಗೀತು. ಮಂಗಳವಾರದಿಂದ ಹಿಂಗೆ."

"ನಡುವೆ ಯಾರಾದ್ರೂ ಏನಾದ್ರೂ ಹಾಕಿದ್ರಾ? ಪೆನ್‌ಡ್ರೈವ್, ಸಿನಿಮಾ, ಆಟ?"

"ನಮ್ಮ ಜುಂಜೇಶ ಅವನೆ ಸಾರ್, ನನ್ನ ತಮ್ಮ. ಕೇಳಿದ್ರೆ ಮುಟ್ಟೇ ಇಲ್ಲ ಅಂತಾನೆ. ಅವನ ಮಾತು ಯಾರು ನಂಬ್ತಾರೆ? ಮೂರು ದಿನದಿಂದ ಬೈತಾ ಇದೀನಿ."

ಚಿತ್ತಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚಿದಳು.

"ನೋಡಮ್ಮಾ, ನಡೀತಿರೋದು ಇಷ್ಟೇ," ಶಿವಕುಮಾರಪ್ಪನವರು ಇಬ್ಬರಿಗೂ ತಿಳಿಯುವಂತೆ ಹೇಳತೊಡಗಿದರು. "ಈ ತಪಾಸಣೆ ಶಾಲೆ ಮೇಷ್ಟ್ರಿದ್ದಂಗೆ. ಒಬ್ಬೊಬ್ಬರ ಹೆಸರೂ ಕೂಗ್ತೈತೆ. ಕ್ಯಾಮೆರಾ ಇದೀಯಾ? ಇದೀನಿ. ಮೈಕ್ ಇದೀಯಾ? ಇದೀನಿ. ಇಲ್ದೆ ಇರೋದು ಇಲ್ಲ ಅಂದ್ರೂ ಚಿಂತೆ ಇಲ್ಲ, ಮುಂದಕ್ಕೆ ಹೋಗ್ತೈತೆ. ಇಲ್ಲೊಂದು ಐತೆ, ಇದೀನಿ ಅನ್ನಲ್ಲ, ಇಲ್ಲ ಅಂತಾನೂ ಅನ್ನಲ್ಲ. ಅದರ ಉತ್ತರಕ್ಕೆ ಮೇಷ್ಟ್ರು ಕಾಯ್ತಾ ನಿಂತುಬಿಟ್ಟವ್ರೆ."

ಚಿತ್ತಮ್ಮನಿಗೆ ಶಾಲೆಯ ಲೆಕ್ಕ ಗೊತ್ತಿರಲಿಲ್ಲ. ಕುರಿರೊಪ್ಪದ ಲೆಕ್ಕ ಗೊತ್ತಿತ್ತು. "ರೊಪ್ಪದ ಬಾಗ್ಲಾಗೆ ಒಂದು ಕುರಿ ಅಡ್ಡ ನಿಂತಂಗೆ," ಎಂದಳು. "ಒಳಗಡೆ ಬರಲ್ಲ, ಹೊರಗಡೆ ಹೋಗಲ್ಲ. ಹಿಂದಿನವು ಎಷ್ಟು ಅರಚಿದ್ರೂ ಅಷ್ಟೇ. ಹಿಂದಿನವಕ್ಕೆ ಹೊಡದ್ರೆ ಏನೂ ಆಗಲ್ಲ, ಬಾಗ್ಲಾಗಿರೋದನ್ನೇ ಕಿವಿ ಹಿಡಿದು ಎಳೀಬೇಕು."

"ಏನವ್ವಾ, ನನಗಿಂತ ನೀವೇ ಚೆನ್ನಾಗಿ ಹೇಳಿದ್ರಿ! ನಾಳೆಯಿಂದ ಅಂಗಡಿ ನೀವೇ ನೋಡ್ಕಳ್ರಿ."

"ಕುರಿ ಯಾರು ನೋಡ್ತಾರೆ ಮತ್ತೆ, ನೀವಾ?" ಎಂದಳು ಚಿತ್ತಮ್ಮ. ಆಮೇಲೆ ದನಿ ಇಳಿಸಿ ಕೇಳಿದಳು: "ಆ ಬಾಗ್ಲಾಗೆ ನಿಂತಿರೋದು ಯಾವುದು ಸ್ವಾಮಿ? ಇದರಾಗೆ ಎಲ್ಲೈತೆ?"

ಶಿವಕುಮಾರಪ್ಪನವರು ಪಟ್ಟಿ ನಿಂತಿದ್ದ ಸಾಲಿನ ಮೇಲೆ ಬೆರಳಿಟ್ಟು, ಬಳಿಕ ಲ್ಯಾಪ್‌ಟಾಪಿನ ಎಡಪಕ್ಕೆಯ ಸಣ್ಣ ಸಂದನ್ನು ತೋರಿಸಿದರು. ಕ್ಯಾಮೆರಾದ ಮೆಮೊರಿ ಕಾರ್ಡ್ ಹಾಕುವ ಜಾಗ ಅದು. ಬಾಯಲ್ಲಿ ಕಪ್ಪು ಪ್ಲಾಸ್ಟಿಕ್ಕಿನ ಒಂದು ಬಿಲ್ಲೆ ಕೂತಿತ್ತು. ಧೂಳು ಹೋಗದಿರಲೆಂದು ಕಂಪನಿಯವರೇ ಇಟ್ಟು ಕಳಿಸುವಂಥದು. ಸಾವಿರ ಯಂತ್ರಗಳಲ್ಲಿ ಅದನ್ನು ಕಂಡ ಅವರು ಅದರ ಮೇಲೆ ಕಣ್ಣು ನಿಲ್ಲಿಸಲಿಲ್ಲ. "ಖಾಲಿ ಐತೆ. ಆದ್ರೂ ಒಳಗೆ ಕಾರ್ಡ್ ಇರೋ ಹಂಗೆ ಆಡ್ತೈತೆ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಚಿತ್ತಮ್ಮ ಆ ಸಂದನ್ನು ನೋಡಿದಳು. ಸೆರಗಿನ ಅಂಚು ಮತ್ತೆ ಅವಳ ಬೆರಳು ಸುತ್ತಿತು.

ಚಿತ್ತಮ್ಮನ ತವರಿನಲ್ಲಿ ಒಂದು ವಾಡಿಕೆ ಇತ್ತು. ಮನೆಗೆ ಹೊಸ ವಸ್ತು ಬಂದರೆ, ಅದು ನೇಗಿಲಾಗಲಿ, ಪಂಪ್‌ಸೆಟ್ಟಾಗಲಿ, ಹಟ್ಟಿಯ ದೇವರ ಮುಂದೆ ಇಟ್ಟ ಉಗುರಗಲದ ತಾಮ್ರದ ತಗಡನ್ನು ಯಾರ ಕಣ್ಣಿಗೂ ಬೀಳದ ಕಡೆ ಸೇರಿಸಬೇಕು. ಇಟ್ಟ ಹೆಂಗಸು ಅದನ್ನು ಯಾರಿಗೂ ಹೇಳಬಾರದು. ಹೇಳಿದ ಗಳಿಗೆಯಲ್ಲಿ ಕಾವಲು ಬಿಟ್ಟುಹೋಗುತ್ತದೆ. ಅವಳ ತಾಯಿ ಹೇಳದೆ ಇಟ್ಟಿದ್ದಳು, ಅಜ್ಜಿ ಹೇಳದೆ ಇಟ್ಟಿದ್ದಳು. ಚಿತ್ತಮ್ಮ ಮಾತ್ರ ಒಮ್ಮೆ ತಪ್ಪಿದ್ದಳು. ಗಂಡ ಕಾಟಲಿಂಗಪ್ಪ ಹೊಸ ಬೈಕು ತಂದಾಗ ಸೀಟಿನ ಕೆಳಗೆ ತಗಡು ಸೇರಿಸಿ, ಖುಷಿಯಲ್ಲಿ ಓರಗಿತ್ತಿ ಸಿದ್ದಕ್ಕನ ಕಿವಿಗೆ ಹಾಕಿದ್ದಳು. ಇಪ್ಪತ್ತು ದಿನ ಕಳೆದಿರಲಿಲ್ಲ, ರಾಮಗಿರಿ ತಿರುವಿನಲ್ಲಿ ಬೈಕು ಜಾರಿ ಕಾಟಲಿಂಗಪ್ಪನ ಬಲಗಾಲು ಮುರಿಯಿತು. ಇವತ್ತಿಗೂ ಅವನು ಕೋಲೂರಿಯೇ ಕುರಿಯ ಹಿಂದೆ ಹೋಗುವುದು. ಅದು ಜಲ್ಲಿಯ ಮೇಲೆ ಜಾರಿದ್ದೆಂದು ಅವನು ಹೇಳುತ್ತಾನೆ. ಚಿತ್ತಮ್ಮ ಅವನ ಕಾಲಿಗೆ ಎಣ್ಣೆ ಹಚ್ಚುವಾಗಲೆಲ್ಲ ತನ್ನ ನಾಲಗೆಯನ್ನು ನೆನೆಯುತ್ತಾಳೆ.

ಸೋಮವಾರ ಸಂಜೆ, ಮಗಳು ರೊಪ್ಪಕ್ಕೆ ಹೋದಾಗ, ದೇವರ ಮುಂದಿನ ತಗಡನ್ನು ತಂದು ಆ ಕಪ್ಪು ಬಿಲ್ಲೆಯನ್ನು ಉಗುರಿನಿಂದ ಎಳೆದು, ತಗಡನ್ನು ಅದಕ್ಕೆ ಅಂಟಿಸಿ, ಮತ್ತೆ ಒಳಗೆ ತಳ್ಳಿದವಳು ಅವಳೇ. ದೇವರಿಗೆಂದೇ ಮಾಡಿಟ್ಟ ಗೂಡಿನ ಹಾಗೆ ಆ ಸಂದು ಕಂಡಿತ್ತು ಅವಳಿಗೆ.

ಶಿವಕುಮಾರಪ್ಪನವರು ಆ ಕಾರ್ಡಿನ ಭಾಗವನ್ನು ಪಟ್ಟಿಯಿಂದಲೇ ಬಂದ್ ಮಾಡಲು ನೋಡಿದರು. ಗುಂಡಿ ಒತ್ತಿದ ಕೂಡಲೇ ಇಡೀ ಯಂತ್ರ ಸೆಟೆದು ನಿಂತಿತು. ಮತ್ತೆ ಹಚ್ಚಿ, ಮತ್ತೆ ಒತ್ತಿದರು. ಮತ್ತೆ ನಿಂತಿತು. ಅಷ್ಟರಲ್ಲಿ ನಾಲ್ಕೂಕಾಲು. ಕನ್ನಡಕ ತೆಗೆದು ಒರೆಸಿಕೊಂಡರು.

"ತಾಯಿ, ಬೋರ್ಡಿಂದೇ ದೋಷ ಇರ್ಬೇಕು. ಅದನ್ನ ಬಿಚ್ಚಿ ಸರಿ ಮಾಡೋ ಸಾಮಾನು ನನ್ನ ಹತ್ರ ಇಲ್ಲ. ಚಿತ್ರದುರ್ಗಕ್ಕೆ ಕಳಿಸಿದ್ರೆ ಸೋಮವಾರಕ್ಕೆ ಸಿಗ್ತೈತೆ."

ನೇತ್ರಾವತಿ ಅಳಲಿಲ್ಲ. ಮೇಜಿನ ಮೇಲೆ ಹರಡಿದ್ದ ಪ್ರವೇಶಪತ್ರವನ್ನು ಇದ್ದ ಮಡಿಕೆಯಲ್ಲೇ ಮಡಿಸಿ, ನೋಟ್‌ಪುಸ್ತಕದೊಳಗಿಟ್ಟಳು. ಆ ಪುಸ್ತಕದ ಹಾಳೆಗಳಲ್ಲಿ ಕುರಿಯ ಹೊಟ್ಟೆಯ ನಾಲ್ಕು ಚೀಲಗಳನ್ನು ಅವಳು ಬಣ್ಣದ ಪೆನ್ಸಿಲ್ಲಿನಲ್ಲಿ ಬರೆದಿದ್ದಳು.

"ನಡಿಯವ್ವ, ಹೋಗಾಣ. ಕುರಿ ಬರೋ ಹೊತ್ತಾತು."

ಇಷ್ಟೇ ಅಂದದ್ದು ಅವಳು. ಬೈದಿದ್ದರೆ ಚಿತ್ತಮ್ಮ ತಡೆದುಕೊಳ್ಳುತ್ತಿದ್ದಳೋ ಏನೋ. ಹೇಳಿದರೆ ಮಗಳ ಕಾವಲು ಹೋಗುತ್ತದೆ. ಹೇಳದಿದ್ದರೆ ಕಾವಲಿದ್ದೂ ಮಗಳು ಬಾಗಿಲ ಹೊರಗೇ ನಿಲ್ಲುತ್ತಾಳೆ. ಚಿತ್ತಮ್ಮ ಎದ್ದಳು. ಇಬ್ಬರ ಮುಖವನ್ನೂ ನೋಡದೆ, ಗೋಡೆಯ ಫೋಟೊದ ಕಡೆ ತಿರುಗಿ ಕೈ ಮುಗಿದಳು.

"ಸ್ವಾಮಿ, ಆ ಸಂದಿನಾಗೆ ನೋಡ್ರಿ. ಕರೇ ಬಿಲ್ಲೆ ಹಿಂದೆ. ನಾನೇ ಇಟ್ಟಿದ್ದು."

ಶಿವಕುಮಾರಪ್ಪನವರು ಲ್ಯಾಪ್‌ಟಾಪನ್ನು ಬಂದ್ ಮಾಡಿದರು. ಏನಿಟ್ಟಿರಿ ಎಂದು ಕೇಳಲಿಲ್ಲ. ಕೈ ಮುಗಿದು ನಿಂತವಳ ಬೆನ್ನು ನೋಡಿಯೇ ಅವರಿಗೆ ತಿಳಿದಿತ್ತು. ಹೊರಗೆ ಹೋಗಿ ಚೊಂಬಿನ ನೀರಿನಿಂದ ಕೈ ತೊಳೆದು, ಒರೆಸಿಕೊಂಡು ಬಂದು, ಸಣ್ಣ ಚಿಮಟದಿಂದ ಬಿಲ್ಲೆಯನ್ನು ಎಳೆದರು. ಬಿಲ್ಲೆಯ ಬೆನ್ನಿಗೆ ಅಂಟಿಕೊಂಡು ತಾಮ್ರದ ತಗಡು ಬಂತು. ಅದರ ಮೇಲೆ ಕುಂಕುಮದ ಕಲೆ ಇನ್ನೂ ಇತ್ತು. ಅದನ್ನು ಅಂಗೈ ಮೇಲೆ ಇಳಿಸಿಕೊಂಡು, ವಿಭೂತಿ ತಟ್ಟೆಯಲ್ಲಿಟ್ಟರು. ಸಂದಿನ ಒಳಗೆ ಬ್ರಷ್ಷಿನಿಂದ ಮೆಲ್ಲಗೆ ಸವರಿದರು.

"ಅವ್ವಾ!" ನೇತ್ರಾವತಿಗೆ ಈಗ ದನಿ ಬಂತು. "ಜುಂಜೇಶನ್ನ ಮೂರು ದಿನದಿಂದ ಬೈದಿದೀನಲ್ಲೇ! ನೀನು ಪಕ್ಕದಾಗೇ ಕುಂತು ಕೇಳ್ತಿದ್ದೆ!"

"ಅವನು ಬೈಸ್ಕಣಾಕೆ ಬ್ಯಾರೆ ಏನಾರ ಮಾಡೇ ಇರ್ತಾನೆ, ಬಿಡು," ಎಂದಳು ಚಿತ್ತಮ್ಮ, ಇನ್ನೂ ಗೋಡೆಯ ಕಡೆಗೇ ಮುಖ ಮಾಡಿ.

ನಗು ತಡೆಯಲಾಗದೆ ಶಿವಕುಮಾರಪ್ಪನವರು ಕೆಮ್ಮಿದರು. "ತಾಮ್ರ ಒಳಗಿನ ತಂತಿಗೆ ತಾಗ್ತಿತ್ತು. ತಗಡಿಂದೂ ತಪ್ಪಿಲ್ಲ ತಾಯಿ. ಕಾವಲಿಗೆ ಅಂತ ಕೂರಿಸಿದ್ರು, ಕಾವಲು ಕಾಯ್ತು. ಪರೀಕ್ಷೆಯೋರನ್ನೂ ಒಳಗೆ ಬಿಡ್ಲಿಲ್ಲ, ಅಷ್ಟೇ."

ಯಂತ್ರ ಹಚ್ಚಿದರು. ಚಕ್ರ ಒಂದು ಸುತ್ತು, ಎರಡು ಸುತ್ತು ಬಂತು. ಕ್ಯಾಮೆರಾದ ಮುಂದೆ ಹಸಿರು. ಮೈಕಿನ ಮುಂದೆ ಹಸಿರು. ಕಾರ್ಡಿನ ಜಾಗಕ್ಕೆ ಬಂದಾಗ ಒಂದು ಕ್ಷಣ ತಡೆಯಿತು, ಏನೂ ಇಲ್ಲ ಎಂದು ಬರೆದುಕೊಂಡು ಮುಂದಕ್ಕೆ ಹೋಯಿತು. ರೊಪ್ಪದ ಬಾಗಿಲು ಬಿಟ್ಟಾಗ ಕುರಿಗಳು ಒಂದರ ಹಿಂದೊಂದು ನುಗ್ಗುವ ಹಾಗೆ ಉಳಿದ ಸಾಲುಗಳೆಲ್ಲ ಬಂದವು. ನಿಮ್ಮ ಯಂತ್ರ ಪರೀಕ್ಷೆಗೆ ಸಿದ್ಧವಾಗಿದೆ. ಗಡಿಯಾರದಲ್ಲಿ ಐದಕ್ಕೆ ಇನ್ನೂ ಹತ್ತೊಂಬತ್ತು ನಿಮಿಷ ಇತ್ತು.

ಚಿತ್ತಮ್ಮ ತೆರೆಯನ್ನು ನೋಡಲೇ ಇಲ್ಲ. ತಟ್ಟೆಯಲ್ಲಿದ್ದ ತಗಡನ್ನೇ ನೋಡುತ್ತಿದ್ದಳು.

"ಹೇಳ್ಬಿಟ್ಟೆ ಸ್ವಾಮಿ. ಇನ್ನೆಲ್ಲಿ ಕಾವಲು."

ಸಮಾಧಾನದ ಮಾತು ಬಾಯಿಗೆ ಬಂದರೂ ಶಿವಕುಮಾರಪ್ಪನವರು ಅದನ್ನು ಆಡಲಿಲ್ಲ. ದೇವರ ಪರವಾಗಿ ಮಾತಾಡಲು ತಾನು ಯಾರು ಅನ್ನಿಸಿತು. ಹೊಸ್ತಿಲ ಕಡೆ ಕೈ ತೋರಿಸಿ ಹೇಳಿದರು: "ಅಲ್ಲಿ ನೋಡವ್ವ. ನಮ್ಮವ್ವ ಬಸಮ್ಮ ಅಂತ. ಈ ಅಂಗಡಿ ಹೊಸ್ತಿಲು ಕೂರಿಸ್ವಾಗ ಕೆಳಗೆ ಏನೋ ಇಟ್ಲು. ಏನು ಅಂತ ಕೇಳಿದ್ರೆ ನಿನಗ್ಯಾಕೆ ಅಂದ್ಲು. ಹೇಳ್ದೇನೇ ಹೋದ್ಲು. ಇಪ್ಪತ್ತು ವರ್ಷ ಆತು. ಬೆಳಗ್ಗೆ ಬಾಗ್ಲು ತೆಗೀವಾಗ ಅದು ಏನಿರ್ಬೋದು ಅಂತ ನಾನು ಯೋಚ್ನೆ ಮಾಡಲ್ಲ. ಬಗ್ಗಿ ಇಟ್ಟಳಲ್ಲ, ಆ ಅವ್ವ ನೆನಪಾಗ್ತಾಳೆ. ಅದನ್ನ ದಾಟಿ ಒಳಗೆ ಬರ್ತೀನಿ."

ಚಿತ್ತಮ್ಮ ತಗಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಹೊರಡುವಾಗ ಹೊಸ್ತಿಲನ್ನು ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಮಾರನೇ ದಿನ ಬೆಳಗ್ಗೆ ತಗಡು ಹಟ್ಟಿಯ ದೇವರ ಗುಡಿಗೆ ಹಿಂದಿರುಗಿತು. ಹತ್ತು ಗಂಟೆಗೆ ಪರೀಕ್ಷೆ. ಕೋಣೆಯಲ್ಲಿ ಬರೆಯುವವಳನ್ನು ಬಿಟ್ಟು ಇನ್ನೊಂದು ಜೀವ ಇರಬಾರದು, ಇನ್ನೊಂದು ದನಿ ಕೇಳಬಾರದು ಎಂಬುದು ಪರೀಕ್ಷೆಯವರ ಕಟ್ಟಳೆ. ಕುರಿಗಳನ್ನು ಬೇಗನೆ ಬಿಟ್ಟುಕೊಂಡು ಹೋಗಬೇಕಾಗಿ ಬಂದ ಕಾಟಲಿಂಗಪ್ಪ, "ನಿನ್ನ ಮಗಳು ಡಾಕ್ಟ್ರಾಗೋ ಹೊತ್ತಿಗೆ ನನ್ನ ಇನ್ನೊಂದು ಕಾಲೂ ಹೋಗ್ತೈತೆ ಕಣೇ," ಎಂದು ಗೊಣಗಿ ಕೋಲೂರುತ್ತ ಹೊರಟ. ಜುಂಜೇಶನೂ ಅಪ್ಪನ ಹಿಂದೆ ಹೋದ. ಹೋಗುವ ಮುಂಚೆ ಅಕ್ಕನ ಬಾಯಿಂದ ತಪ್ಪಾಯ್ತು ಎಂದು ಎರಡು ಸಲ ಹೇಳಿಸಿಕೊಂಡಿದ್ದ.

ನೇತ್ರಾವತಿ ಕದ ಮುಂದಕ್ಕೆ ಮಾಡಿಕೊಳ್ಳುವಾಗ ಒಂದು ಗಳಿಗೆ ತಡೆದಳು.

"ಅವ್ವ, ನೀನು ಎಲ್ಲಿರ್ತೀಯ?"

"ಇಲ್ಲೇ."

ಕದ ಮುಚ್ಚಿತು. ಚಿತ್ತಮ್ಮ ಕದಕ್ಕೆ ಬೆನ್ನು ಕೊಟ್ಟು ಹೊಸ್ತಿಲ ಹೊರಗೆ ಕೂತಳು. ಕೋಳಿ ಬಂದರೆ ಸದ್ದಿಲ್ಲದೆ ಕೈ ಬೀಸಿದಳು. ನಾಯಿ ಬಂದು ಮುಖ ನೋಡಿತು, ಅವಳು ಕಣ್ಣಲ್ಲೇ ಗದರಿದಳು, ಅದು ಅಲ್ಲೇ ಮಲಗಿತು. ಹನ್ನೊಂದರ ಹೊತ್ತಿಗೆ ಓರಗಿತ್ತಿ ಸಿದ್ದಕ್ಕ ಮೊಸರಿನ ಹೆಪ್ಪಿಗೆಂದು ಬಂದು, "ಯಾಕ್ಲೇ ಚಿತ್ತಿ, ಬಾಗ್ಲಾಗೆ ಹಿಂಗೆ ಕುಂತೀಯ? ಏನಾತು?" ಎಂದು ಬಾಯಿ ತೆಗೆದಳು.

ಚಿತ್ತಮ್ಮ ತುಟಿಯ ಮೇಲೆ ಬೆರಳಿಟ್ಟಳು. ಏನು ಎತ್ತ ಎಂದು ಹೇಳಲಿಲ್ಲ. ಒಂದು ಗಂಟೆಗೆ ಒಳಗಿನಿಂದ ಚಿಲಕದ ಸದ್ದಾಗುವವರೆಗೂ ಅವಳು ಕೂತ ಜಾಗದಿಂದ ಏಳಲಿಲ್ಲ.