ಅಳತೆಗೆ ಸಿಗದ ಎಸೆತಗಳು

ಗುಂಡು ಎಸೆತದಲ್ಲಿ ವರ್ಷಗಟ್ಟಲೆ ಚಾಂಪಿಯನ್ ಆಗಿದ್ದವಳನ್ನು ಊರೆಲ್ಲ ಗುಂಡಕ್ಕ ಎಂದೇ ಕರೆಯುತ್ತಿತ್ತು. ಕಪಾಟಿನ ತುಂಬ ಪದಕಗಳಿದ್ದವು. ದಾಖಲೆ ಮಾತ್ರ ಬೇರೊಬ್ಬಳ ಹೆಸರಿನಲ್ಲಿತ್ತು. ಗುಂಡಕ್ಕ ಅದನ್ನು ಎರಡು ಸಲ ದಾಟಿದ್ದಳು. ಎರಡೂ ಸಲ ಕೆಂಪು ಬಾವುಟ, ಎಸೆತ ಲೆಕ್ಕಕ್ಕಿಲ್ಲ. ಗುಂಡು ನೆಲಕ್ಕೆ ಬೀಳುವ ತನಕ ವೃತ್ತದೊಳಗೇ ನಿಂತು, ಆಮೇಲೆ ಹಿಂಬದಿಯಿಂದ ಹೊರಬರಬೇಕು. ಸಾಧಾರಣ ಎಸೆತವಾದರೆ ಅವಳು ಹಾಗೇ ಬರುತ್ತಿದ್ದಳು. ಚೆನ್ನಾಗಿ ಹೋಯಿತೋ, ಹಿಗ್ಗು ತಡೆಯದೆ ವೃತ್ತದ ಮುಂಬದಿಯ ಮರದ ಪಟ್ಟಿ ದಾಟಿ ಗುಂಡಿನ ಹಿಂದೆಯೇ ಓಡಿಬಿಡುತ್ತಿದ್ದಳು. ಅಂಥ ಎಸೆತಕ್ಕೆ ಅಳತೆಯೇ ಇಲ್ಲ.

"ಕೈಗೆ ಬಂದ ತುತ್ತನ್ನ ಬಾಯಿಗೆ ಹಾಕ್ಕೊಳ್ಳೋದು ಬಿಟ್ಟು ಕುಣೀತಾಳೆ," ಎನ್ನುತ್ತಿದ್ದರು ಅತ್ತೆ.

ಈಗ ಭುಜ ಸೋತಿತ್ತು. ಬರುವ ಕ್ರೀಡಾಕೂಟವೇ ಕೊನೆ ಎಂದು ವೈದ್ಯೆ ಹೇಳಿಬಿಟ್ಟಿದ್ದಳು. ಅವಳನ್ನು ವೃತ್ತದೊಳಗೆ ನಿಲ್ಲಿಸುವ, ಕೋಚ್ ಕೈಚೆಲ್ಲಿದ ಕೆಲಸವನ್ನು ಅತ್ತೆ ವಹಿಸಿಕೊಂಡರು. ಹಿತ್ತಲಲ್ಲಿ ಸುಣ್ಣದಿಂದ ವೃತ್ತ ಎಳೆದು, ಮೊಮ್ಮಗಳನ್ನು ಎತ್ತಿಕೊಂಡು ಗುಂಡು ತಲುಪದಷ್ಟು ದೂರ, ಎದುರಿನ ಬೇಲಿಯ ಪಕ್ಕ ನಿಲ್ಲುವರು. ಸೊಸೆ ಎಸೆದ ಕೂಡಲೇ ಮಗುವಿನ ಕೈ ಹಿಡಿದು ಬೀಸುವರು.

"ಅಮ್ಮಾ ಬಾ ಅನ್ನು ಪುಟ್ಟಿ, ಜೋರಾಗಿ ಅನ್ನು."

ಗುಂಡಕ್ಕನ ಕಾಲು ಗೆರೆ ದಾಟಿದರೆ, "ಹೋಯ್ತು ದಾಖಲೆ. ಇನ್ನೊಂದ್ಸಲ ಎಸಿ."

"ನನ್ನ ಮಗೂನೇ ನನ್ನ ಮೇಲೆ ಛೂ ಬಿಡ್ತೀರಲ್ಲ ಅತ್ತೆ."

"ಇನ್ನೇನು ಮಾಡ್ಲಿ? ನನ್ನ ಮಗನ್ನ ತೋರಿಸಿದ್ರೆ ನೀನು ಅಲ್ಲಾಡಲ್ಲ ಕಣೇ."

ಬಟ್ಟೆ ಒಣಹಾಕುತ್ತಿದ್ದ ಗಂಡ ಕೇಳಿಸದವನ ಹಾಗೆ ಅಂಗಿ ಕೊಡವಿದ.

ಮದುವೆಯಾದ ಹೊಸತರಲ್ಲಿ ಗುಂಡಕ್ಕ ಈ ಮನೆಯಲ್ಲಿ ಬಾಗಿಲು ದಾಟುವಾಗ ಓರೆಯಾಗುತ್ತಿದ್ದಳು, ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದಳು, ತನ್ನ ದೊಡ್ಡ ಮೈಯನ್ನು ಮಡಚಿಡಲು ನೋಡುತ್ತಿದ್ದಳು. ಅದು ಪೂರ್ತಿ ಬಿಚ್ಚಿಕೊಳ್ಳುತ್ತಿದ್ದುದು ಆ ವೃತ್ತದೊಳಗೆ. ಅದನ್ನು ಬಿಟ್ಟು ಬದುಕುವುದು ಹೇಗೆಂದು ಅವಳು ಯಾರನ್ನೂ ಕೇಳಿರಲಿಲ್ಲ.

ಕೂಟದ ದಿನ ಕೊನೆಯ ಎಸೆತ. ಗುಂಡನ್ನು ದವಡೆಯ ಕೆಳಗೆ ಕತ್ತಿಗೆ ಒತ್ತಿಕೊಂಡು ಬಗ್ಗಿದಳು. ಜಾರಿ ಬಂದು, ತಿರುಗಿ, ನೂಕಿದಳು. ಬೆರಳು ಬಿಟ್ಟಾಗಲೇ ಗೊತ್ತಾಯಿತು. ಗುಂಡು ದಾಖಲೆಯ ಗುರುತಿನಾಚೆ ಧಪ್ಪೆಂದು ಬಿತ್ತು.

ಪ್ರೇಕ್ಷಕರ ನಡುವೆ ಅತ್ತೆ ಗಾಬರಿಯಿಂದ ಮೊಮ್ಮಗಳ ಬಾಯಿ ಮುಚ್ಚಿದರು.

ಗುಂಡಕ್ಕ ಓಡಲಿಲ್ಲ. ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ.

ತೀರ್ಪುಗಾರ ಕಾದ. "ಅಕ್ಕಾ, ಗುಂಡು ಬಿದ್ದಾಯ್ತು. ಹಿಂದಿನಿಂದ ಬನ್ನಿ, ಅಳೀಬೇಕು."

"ಬರ್ತೀನಪ್ಪಾ. ಒಂದ್ನಿಮಿಷ."

ಒರಟು ಸಿಮೆಂಟಿನ ಮೇಲೆ ಬೂಟನ್ನು ಒಮ್ಮೆ ಸವರಿದಳು. ಆಮೇಲೆ ತಿರುಗಿ ಹಿಂಬದಿಯಿಂದ ಹೊರಗೆ ಕಾಲಿಟ್ಟಳು. ಬಿಳಿ ಬಾವುಟ ಮೇಲೆದ್ದಿತು. ಟೇಪು ಎಳೆಯುವುದನ್ನು ನೋಡದೆ, ಭುಜ ಹಿಡಿದುಕೊಂಡು ಅತ್ತೆಯ ಕಡೆ ನಡೆದಳು.

"ಯಾಕೇ ಅಷ್ಟು ಹೊತ್ತು ನಿಂತೆ? ನನ್ನ ಜೀವ ಬಾಯಿಗೆ ಬಂದಿತ್ತು."

"ಬರೋಕೆ ಮನಸ್ಸಾಗಲಿಲ್ಲ ಅತ್ತೆ."

ಮೈಕಿನಲ್ಲಿ ಹೊಸ ದಾಖಲೆ ಎಂದು ಕೂಗುತ್ತಿದ್ದರು. ಅತ್ತೆ ಮಗುವನ್ನು ಪಕ್ಕದಲ್ಲಿದ್ದ ಮಗನ ತೋಳಿಗೆ ದಾಟಿಸಿ, ಎತ್ತರ ಸಾಲದೆ ತುದಿಗಾಲಲ್ಲಿ ನಿಂತು, ಸೊಸೆಯ ನೋಯುವ ತೋಳಿನ ಕೆಳಗೆ ತಮ್ಮ ಹೆಗಲು ಕೊಟ್ಟರು. ಗುಂಡಕ್ಕ ತನ್ನ ಭಾರವನ್ನೆಲ್ಲ ಅದರ ಮೇಲೆ ಬಿಟ್ಟಳು.