ಪೈನ್ ಹಲಗೆಯ ತಂತಿಪೆಟ್ಟಿಗೆ

ನನ್ನ ಗಂಡ ನನ್ನ ಮೇಲೆ ಮುನಿಸಿಕೊಂಡು ಮಾತು ಬಿಟ್ಟಿದ್ದಾರೆ ಎಂದು ಎರಡು ವರ್ಷ ನಂಬಿಕೊಂಡು ಬದುಕಿದವಳು ನಾನು. ಜಗಳವಾಡುವ ಗಂಡನ ಜೊತೆ ಹೇಗೋ ಏಗಬಹುದು. ಕರೆದರೆ ತಿರುಗಿಯೂ ನೋಡದವರ ಜೊತೆ ಏಗುವುದು ಹೇಗೆ, ನೀವೇ ಹೇಳಿ.

ಕಾರಣ ನನಗೆ ಗೊತ್ತಿದೆ ಅಂದುಕೊಂಡಿದ್ದೆ. ಅವರು ಉಕ್ಕಿನ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದವರು. ನಿವೃತ್ತಿಯಾದ ಮೇಲೆ ತಮ್ಮ ಹಳ್ಳಿ ಗಾದಿಗನೂರಿಗೆ ಹೋಗಿ ತಮ್ಮನ ಮನೆಯ ಪಕ್ಕ ಎರಡು ಕೋಣೆ ಹಾಕಿಕೊಂಡು ಇರೋಣ ಎಂದರು. ನಾನು ಸುತರಾಂ ಒಪ್ಪಲಿಲ್ಲ. ಹೊಸಪೇಟೆಯಲ್ಲಿ ಸ್ವಂತ ಮನೆ, ಕಾಲ್ನಡಿಗೆಯಲ್ಲಿ ಮಾರ್ಕೆಟ್ಟು, ಕಷ್ಟಸುಖಕ್ಕೆ ನೆರೆಹೊರೆ ಎಲ್ಲ ಇರುವಾಗ ಆ ಧೂಳಿಗೆ ಹೋಗಿ ಮಾಡುವುದೇನು? "ಆತು ಬಿಡು" ಎಂದರು ಅವರು. ಆಮೇಲೆ ಮನೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಮಾತೇ ಬತ್ತಿಹೋಯಿತು.

ಊಟಕ್ಕೆ ಬರ್ರಿ ಎಂದು ಅಡುಗೆಮನೆಯಿಂದ ಕರೆದರೆ ಉತ್ತರವಿಲ್ಲ. ಎದುರಿಗೆ ಹೋಗಿ ನಿಂತರೆ ಎದ್ದು ಬರುತ್ತಿದ್ದರು. ಬದನೆಕಾಯಿ ತರಲೋ ಬೆಂಡೆಕಾಯಿ ತರಲೋ ಎಂದರೆ "ನಾಳೆ ನೋಡಾಣ" ಅನ್ನುತ್ತಿದ್ದರು. ನಾನು ಪಡಸಾಲೆಗೆ ಕಾಲಿಟ್ಟರೆ ಸಾಕು, ಟಿವಿಯ ದನಿ ಏರುತ್ತಿತ್ತು. ಕಂಪ್ಲಿಯಿಂದ ಮಗಳು ಕಾವ್ಯ ಫೋನ್ ಮಾಡಿದರೆ "ಆರಾಮದೀನವ್ವ, ಅಮ್ಮಗ ಕೊಡ್ತೀನಿ" ಎಂದು ನನ್ನ ಕೈಗೆ ತುರುಕುತ್ತಿದ್ದರು. "ಅಪ್ಪಗ ನಮ್ಮ ಮ್ಯಾಲೆ ಅಷ್ಟು ಸಿಟ್ಟು ಯಾಕಮ್ಮ?" ಎಂದು ಅವಳೂ ಒಮ್ಮೆ ಕೇಳಿದಳು.

ಇಷ್ಟಾದರೂ ಸಹಿಸುತ್ತಿದ್ದೆನೇನೋ. ಆದರೆ ಪಕ್ಕದ ಮನೆಯ ದುರ್ಗಕ್ಕ ಗೋಡೆಯಾಚೆಯಿಂದ ತನ್ನ ಗಂಡಸಿನಂಥ ಗಡಸು ದನಿಯಲ್ಲಿ "ಏನ್ ಶಂಭಣ್ಣ, ಚಾ ಆತೇನು?" ಎಂದರೆ ಸಾಕು, "ಆತವ್ವ, ನಿಂದು?" ಎಂದು ತಟ್ಟನೆ ಉತ್ತರ ಹೋಗುತ್ತಿತ್ತು. ನನ್ನ ಹೊಟ್ಟೆಯಲ್ಲಿ ಒಣಮೆಣಸಿನಕಾಯಿ ಹುರಿದಂತಾಗುತ್ತಿತ್ತು. ಊರಿಗೆಲ್ಲ ಬಾಯಿ, ಕಟ್ಟಿಕೊಂಡವಳಿಗೆ ಬೀಗ!

ನಾನು ಸುಮ್ಮನಿರುವ ಪೈಕಿ ಅಲ್ಲ. ನನ್ನದು ಹುಟ್ಟಿನಿಂದಲೂ ಸಣ್ಣ, ಕೀರಲು ದನಿ. ಆ ದನಿಯಲ್ಲೇ ಅಡುಗೆಮನೆಯಿಂದ ಅವರನ್ನೂ ಅವರ ವಂಶವನ್ನೂ ದಿನವೂ ಝಾಡಿಸುತ್ತಿದ್ದೆ. ಅವರು ಕಲ್ಲಿನಂತೆ ಕೂತಿರುತ್ತಿದ್ದರು. ರಾತ್ರಿ ಮಲಗಿದಾಗ ಮಾತ್ರ ಅಳು ಬರುತ್ತಿತ್ತು. ಇವರಿಗೆ ನಾನು ಬೇಡವಾದೆ, ಇನ್ನು ಹೀಗೆಯೇ ಎಂದು ಎದೆ ಭಾರವಾಗುತ್ತಿತ್ತು.

ಹೀಗಿರುವಾಗ ಈ ಬೇಸಿಗೆಯಲ್ಲಿ ಅವರಿಗೆ ಹೊಸದೊಂದು ಹುಚ್ಚು ಹತ್ತಿತು. ಮೊಬೈಲಿನಲ್ಲಿ ಯಾವನೋ ಬಿಳಿಯ ಮುದುಕ ಹಲಗೆಯ ಪೆಟ್ಟಿಗೆಗೆ ಸಾಲಾಗಿ ತಂತಿ ಬಿಗಿದು, ಎರಡು ಕಡ್ಡಿಗಳಿಂದ ಬಡಿದು ನುಡಿಸುವುದನ್ನು ನೋಡಿದರು. ಡಲ್ಸಿಮರ್ ಅನ್ನುತ್ತಾರಂತೆ, ನಮ್ಮ ಸಂತೂರಿನ ಜಾತಿಯದು. ಮರುದಿನವೇ ಸಂಡೂರು ರಸ್ತೆಯ ಗುಜರಿ ಅಂಗಡಿಯಿಂದ ಪೈನ್ ಹಲಗೆಗಳು ಆಟೋದಲ್ಲಿ ಬಂದವು. ವಿದೇಶದಿಂದ ಮಷೀನು ತುಂಬಿ ಬಂದ ಪೆಟ್ಟಿಗೆಗಳನ್ನು ಒಡೆದ ಮರ ಅದು. ಒಲೆಗೆ ಹಾಕಲು ಜನ ಒಯ್ಯುವಂಥದ್ದು.

ಹಿತ್ತಲಿನ ಬೇವಿನ ನೆರಳಲ್ಲಿ ಕೆಲಸ ಶುರುವಾಯಿತು. ಹಲಗೆಯನ್ನು ಉಜ್ಜಿ ಉಜ್ಜಿ ಹಪ್ಪಳದಷ್ಟು ತೆಳುಮಾಡಿದರು. ಅಂಟು ಹಿಡಿಯಲೆಂದು ಅದರ ಮೇಲೆ ನನ್ನ ಅಕ್ಕಿಚೀಲ ಹೇರಿದರು, ಅನ್ನಕ್ಕೆ ಅಕ್ಕಿ ತೆಗೆಯಲು ನಾನು ಹಿತ್ತಲಿಗೆ ಹೋಗಬೇಕಾಯಿತು. ದಪ್ಪ ತಂತಿಗೆ ಸೈಕಲ್ಲಿನ ಹಳೆಯ ಬ್ರೇಕ್ ವೈರು, ಸಣ್ಣದಕ್ಕೆ ಅಂಗಡಿಯಲ್ಲಿ ಸಿಗುವ ಗಿಟಾರಿನ ತಂತಿ, ಬಿಗಿಯಲು ಸ್ಕ್ರೂಗಳು. ಮೊದಲ ಸಲ ತಂತಿಗಳ ಎಳೆತಕ್ಕೆ ಪೆಟ್ಟಿಗೆಯೇ ಬಾಳೆಹಣ್ಣಿನಂತೆ ಬಾಗಿತು. ಬಿಚ್ಚಿ, ಒಳಗೆ ಅಡ್ಡಪಟ್ಟಿ ಕೂರಿಸಿ ಮತ್ತೆ ಕಟ್ಟಿದರು. ನನ್ನಿಂದ ದೂರ ಕೂರಲು ಇದೊಂದು ನೆಪ ಸಿಕ್ಕಿತು ಎಂದುಕೊಂಡೆ.

ಒಂದು ಮಧ್ಯಾಹ್ನ ಕಾವ್ಯ ಫೋನ್ ಮಾಡಿ, ಮಗುವಿಗೆ ಬಂದಿದ್ದ ಜ್ವರ ಬಿಟ್ಟಿದೆ, ಇಬ್ಬರೂ ಬಂದು ನಾಲ್ಕು ದಿನ ಇದ್ದು ಹೋಗಿ ಎಂದಳು. ಹೇಳೋಣವೆಂದು ಹಿತ್ತಲ ಬಾಗಿಲಿಗೆ ಬಂದೆ. ಅವರು ನನಗೆ ಬೆನ್ನು ಮಾಡಿ ಕೂತಿದ್ದರು. ತೊಡೆಯ ಮೇಲೆ ಪೆಟ್ಟಿಗೆ, ಕೈಯಲ್ಲಿ ಬಿದಿರಿನ ಕಡ್ಡಿ. ದಪ್ಪ ತಂತಿಯಿಂದ ಶುರುಮಾಡಿ ಒಂದೊಂದನ್ನೇ ಬಡಿಯುತ್ತಿದ್ದರು. ನಿಜ ಹೇಳಬೇಕೆಂದರೆ ನಾದ ಚೆನ್ನಾಗಿತ್ತು.

"ಏನ್ರೀ, ಕಾವ್ಯ ಕರ್ಯಾಕತ್ತಾಳ" ಎಂದೆ. ಅವರ ಕಡ್ಡಿ ಕೊನೆಯ ಸಣ್ಣ ತಂತಿಗೆ ಬಂತು. ಟಿಣ್ ಎಂದಿತು. ಅವರು ಮತ್ತೆ ಬಡಿದರು. ಬಾಗಿ, ದವಡೆಯನ್ನು ಪೆಟ್ಟಿಗೆಗೆ ಒತ್ತಿ ಇನ್ನೊಮ್ಮೆ ಬಡಿದರು. ಆಮೇಲೆ ತಲೆಯಾಡಿಸಿ "ಇದೂ ಹೋತು" ಎಂದರು. ಹೋಗಿದ್ದೇನು? ತಂತಿ ತುಂಡಾಗಿರಲಿಲ್ಲ, ಚೆನ್ನಾಗಿಯೇ ನುಡಿಯುತ್ತಿತ್ತು.

ನನಗೆ ರೇಗಿತು. ಮನೆಗೆ ಬೆಂಕಿ ಬಿದ್ದರೂ ಈ ಮನುಷ್ಯ ಏಳುವುದಿಲ್ಲ ಅಂದುಕೊಂಡೆ. ಅಂದುಕೊಂಡದ್ದನ್ನೇ ಬಾಯಿಬಿಟ್ಟು ಅಂದೆ.

"ಮನಿಗೆ ಬೆಂಕಿ ಬಿದ್ದೈತ್ರೀ!"

ಅವರು ಅಲುಗಾಡಲಿಲ್ಲ. ಹಾಯಾಗಿ ಸ್ಕ್ರೂ ತಿರುಗಿಸುತ್ತಿದ್ದರು.

ಎಂಥ ಸಿಟ್ಟಿನ ಗಂಡಸಾದರೂ ಬೆಂಕಿ ಅಂದರೆ ಕತ್ತು ತಿರುಗಿಸಿಯಾನು. ಇವರ ಕತ್ತು ತಿರುಗಲಿಲ್ಲ ಎಂದರೆ... "ಬೆಂಕಿ" ಎಂದು ಇನ್ನೊಮ್ಮೆ ಕೂಗಿದೆ. ಏನೂ ಇಲ್ಲ.

ಅವರಿಗೆ ಕೇಳದಿದ್ದರೇನಂತೆ, ದುರ್ಗಕ್ಕನಿಗೆ ಕೇಳಿತ್ತು. ತುಂಬಿದ ಕೊಡ ಹೊತ್ತು ಹಿತ್ತಲ ಗೇಟು ದೂಡಿಕೊಂಡು ನುಗ್ಗಿದವಳೇ "ಶಂಭಣ್ಣ, ಏಳಪ್ಪೋ! ಬೆಂಕಿ ಬಿದ್ದೈತಂತೆ!" ಎಂದು ಗುಡುಗಿದಳು.

ತಗೋ ಎದ್ದರು ನೋಡಿ! ಅಷ್ಟು ದಿನ ಕೂಸಿನಂತೆ ಕಾಪಾಡಿದ ಪೆಟ್ಟಿಗೆ ತೊಡೆಯಿಂದ ಉರುಳಿ ನೆಲಕ್ಕೆ ಬಿತ್ತು. ಅದರತ್ತ ನೋಡಲೂ ಇಲ್ಲ. ತಿರುಗಿ ಬಾಗಿಲಲ್ಲಿ ನನ್ನನ್ನು ಕಂಡವರೇ ಓಡಿಬಂದು ನನ್ನ ರಟ್ಟೆ ಹಿಡಿದರು. "ನೀ ಮೊದ್ಲು ಹೊರಗ ನಡಿ, ಆಮ್ಯಾಲೆ ಉಳಿದದ್ದು" ಎಂದು ಗೇಟಿನಾಚೆ ಬೀದಿಯವರೆಗೆ ದರದರ ಎಳೆದೊಯ್ದರು. ನಾನು ಬೇಡವಾದವಳಾಗಿದ್ದರೆ ಪೆಟ್ಟಿಗೆಯನ್ನು ಬಿಟ್ಟು ನನ್ನ ರಟ್ಟೆಯನ್ನೇ ಯಾಕೆ ಹಿಡಿಯಬೇಕು?

ಬೆಂಕಿ ಇಲ್ಲ, ಏನೂ ಇಲ್ಲ ಎಂದು ದುರ್ಗಕ್ಕನಿಗೆ ತಿಳಿಸಿ ಕಳಿಸುವಷ್ಟರಲ್ಲಿ ಸಾಕುಸಾಕಾಯಿತು. "ಗಂಡ ಹೆಂಡ್ತಿ ಆಟ ಆಡಾಕ ನಾನ ಬೇಕಾಗಿತ್ತೇನು?" ಎಂದು ಬೈದುಕೊಳ್ಳುತ್ತ, ಅರ್ಧ ಚೆಲ್ಲಿದ ಕೊಡ ಹೊತ್ತು ಹೋದಳು.

ಆಮೇಲೆ ಅವರನ್ನು ಕಟ್ಟೆಯ ಮೇಲೆ ಕೂರಿಸಿ, ಮುಖಕ್ಕೆ ಮುಖ ಕೊಟ್ಟು ಕೇಳಿದೆ. "ಕಿವಿ ಕೇಳಂಗಿಲ್ಲೇನ್ರಿ ನಿಮಗ?"

ಸಿಕ್ಕಿಬಿದ್ದ ಹುಡುಗನಂತೆ ತಲೆ ತಗ್ಗಿಸಿದರು. "ದಪ್ಪ ಸಪ್ಪಳ ಕೇಳ್ತೈತೆ. ಸಣ್ಣವು ಒಂದೊಂದಾಗಿ ಹೋಗಾಕತ್ಯಾವ. ಡಾಕ್ಟರ್ ಹತ್ರ ಹೋದ್ರ ಮಷೀನು ಹಾಕ್ತಾನ, ಮಂದಿ ಕಿವುಡ ಅಂತಾರ. ಅದಕ್ಕ ನಾನ ಒಂದು ಗೇಜ್ ಮಾಡ್ಕಂಡೆ. ಯಾವ ತಂತಿ ತನಕ ಕೇಳ್ತೈತೆ ಅಂತ ನೋಡ್ಕಳಾಕ."

ಕಿವಿ ಅಳೆದುಕೊಳ್ಳಲು ಮಾಡಿದ ಗೇಜು! ನನಗೆ ನಗು ಬಂತು, ಜೊತೆಗೇ ಕಣ್ಣೀರೂ ಬಂತು. ಗಂಡನ ಕಿವಿ ಹೋಗಿದೆ ಎಂದು ತಿಳಿದು ಇಷ್ಟು ಸಂತೋಷಪಟ್ಟ ಹೆಂಗಸು ಈ ಊರಲ್ಲಿ ಇನ್ನೊಬ್ಬಳಿರಲಾರಳು. ಬರೀ ಕಿವಿ! ಮನಸ್ಸಲ್ಲ, ಬರೀ ಕಿವಿ! ಎರಡು ವರ್ಷದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದು ಉಸಿರು ಸಲೀಸಾಯಿತು.

"ಗಾದಿಗನೂರಿಗೆ ಬರಲಿಲ್ಲ ಅಂತ ಸಿಟ್ಟು ಮಾಡೀರಿ ಅಂದ್ಕಂಡಿದ್ದೆ" ಎಂದೆ, ಒಂದೊಂದೇ ಮಾತನ್ನು ಬಿಡಿಸಿ, ದನಿಯನ್ನು ಆದಷ್ಟು ದಪ್ಪಮಾಡಿ.

ಅವರು ನನ್ನ ಮುಖವನ್ನೇ ನೋಡಿದರು. "ಅದು ಯಾವಾಗಿನ ಮಾತು? ಮರ್ತಾ ಬಿಟ್ಟೀನಿ. ದುರ್ಗಕ್ಕನ ಮಾತು ಕೇಳ್ತಿತ್ತು, ಅದಕ್ಕ ನೀನ ನನ್ನ ಜೋಡಿ ಮಾತು ಬಿಟ್ಟೀ ಅಂದ್ಕಂಡಿದ್ದೆ ನಾನು. ಬಾಯಿ ಆಡ್ತಿತ್ತು, ಮಾತು ಬರ್ತಿರಲಿಲ್ಲ. ಗೊಣಗ್ತಾಳ, ಇಕಿಗೆ ನಾನು ಸಾಕಾಗೀನಿ ಅನ್ನಿಸ್ತು. ಕೇಳಾಕ ಧೈರ್ಯ ಆಗಲಿಲ್ಲ."

ನಾಳೆಯೇ ಕಿವಿ ಡಾಕ್ಟರ ಹತ್ತಿರ, ಅಲ್ಲಿಂದ ಸೀದಾ ಕಂಪ್ಲಿ ಬಸ್ಸಿಗೆ ಎಂದು ನಾನು ತೀರ್ಮಾನ ಹೇಳಿದೆ. ಹೂಂ ಎಂದರು. ಕೇಳಿಸಿಕೊಂಡೇ ಹೂಂ ಎಂದರು.

"ಅಲ್ಲ, ಎರಡು ವರ್ಷ ಅಷ್ಟೊಂದು ಮಾತಾಡ್ದಿಯಲ್ಲ, ಏನಂತಿದ್ದಿ?" ಎಂದು ಕೇಳಿದರು.

ಅವರನ್ನೂ ಅವರ ವಂಶವನ್ನೂ ಅಂದದ್ದೆಲ್ಲ ಒಂದೇ ಸಲ ನೆನಪಿಗೆ ಬಂತು. ಸದ್ಯ, ಒಂದೂ ತಲುಪಿರಲಿಲ್ಲ!

"ಏನಿಲ್ರಿ, ನಿಮ್ಮನ್ನ ಹೊಗಳ್ತಿದ್ದೆ" ಎಂದೆ.

ಅವರು ಜೋರಾಗಿ ನಕ್ಕರು. ಆಮೇಲೆ ಇನ್ನಷ್ಟು ಹತ್ತಿರ ಸರಿದು, ಕಿವಿಯನ್ನು ನನ್ನ ಬಾಯಿಯ ಸಮೀಪ ತಂದು "ಹಂಗಾರ ಒಂದ್ಸಲ ಹೊಗಳು, ಕೇಳಾಣ" ಎಂದರು. ಹೊಗಳಲು ಬಾಯಿ ತೆರೆದರೆ ಒಂದು ಮಾತೂ ಹೊರಡಲಿಲ್ಲ. ಅವರು ಕಿವಿ ಕೊಟ್ಟು ಕಾಯುತ್ತಲೇ ಇದ್ದರು.